ಮಳೆಗಾಲ ದಾಟಿದ ಕಂಬಗಳ್ಳಿಗಳು: ಚಿಕ್ಕಬಳ್ಳಾಪುರದ ಒಂದು ನರ್ಸರಿ

ಚಿಕ್ಕಬಳ್ಳಾಪುರದಿಂದ ನಂದಿಯ ಕಡೆಗೆ ಹೋಗುವ ರಸ್ತೆಯಿಂದ ಒಳಗೆ ತಿರುಗುವ ಒಂದು ಮಣ್ಣುದಾರಿಯ ಕೊನೆಯಲ್ಲಿ, ಹಿಂದೆ ದ್ರಾಕ್ಷಿ ತೋಟವಾಗಿದ್ದ ಸುಮಾರು ಅರ್ಧ ಎಕರೆ ಜಾಗದಲ್ಲಿ, ಕಂಬದಂತೆ ನೆಟ್ಟಗೆ ಬೆಳೆಯುವ ಕಳ್ಳಿಗಳನ್ನೇ ಮುಖ್ಯವಾಗಿ ಬೆಳೆಸಿ ಮಾರುವ ನರ್ಸರಿಯೊಂದಿದೆ. ಗೇಟಿನ ತಗಡಿನ ಮೇಲೆ ‘ಕಳ್ಳಿ ಗಿಡಗಳು ದೊರೆಯುತ್ತವೆ’ ಎಂದಷ್ಟೇ ಬರೆದಿದೆ. ಮಾಲೀಕ ದಂಪತಿ ಅದಕ್ಕೆ ಬೇರೆ ಹೆಸರಿಟ್ಟಿಲ್ಲ. ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು ಜಿಲ್ಲೆಗಳಲ್ಲಿ ಮನೆಯ ಮುಂದಾಗಲಿ, ತೋಟದ ಬದುವಿನಲ್ಲಾಗಲಿ, ಮೇಲೆ ಯಾವ ಹೊದಿಕೆಯೂ ಇಲ್ಲದೆ ಕಂಬಗಳ್ಳಿ ಬೆಳೆಸಬೇಕೆನ್ನುವವರು ಮೊದಲು ಹೋಗಬೇಕಾದ ಜಾಗ ಇದು ಎಂಬುದು ನನ್ನ ದೃಢವಾದ ಅಭಿಪ್ರಾಯ. ಇಲ್ಲಿ ಜಾತಿಗಳ ಸಂಖ್ಯೆ ದೊಡ್ಡದೇನೂ ಅಲ್ಲ, ಬೆಲೆಯೂ ಅಗ್ಗವಲ್ಲ. ಆದರೆ ಮಾರಾಟಕ್ಕಿಟ್ಟ ಗಿಡಗಳಲ್ಲಿ ಹೆಚ್ಚಿನವು ಕನಿಷ್ಠ ಒಂದು ಮಳೆಗಾಲವನ್ನಾದರೂ ಬಯಲಿನಲ್ಲಿ ನೆನೆದು ಕಳೆದಿವೆ, ಮತ್ತು ಹಾಗೆ ಕಳೆಯದ ಗಿಡವನ್ನು ಕೇಳಿದರೆ ಹಾಗೆಂದು ಹೇಳಿಯೇ ಕೊಡುತ್ತಾರೆ. ನಮ್ಮ ಸೀಮೆಯಲ್ಲಿ ಕಳ್ಳಿ ಕೊಳ್ಳುವವನಿಗೆ ಇದಕ್ಕಿಂತ ಹೆಚ್ಚಿನ ಭರವಸೆ ಇನ್ನೊಂದಿಲ್ಲ.

ಈ ಮಾತಿನ ತೂಕ ತಿಳಿಯಬೇಕಾದರೆ ನಮ್ಮ ಹವೆಯನ್ನು ಕಳ್ಳಿಯ ಕಡೆಯಿಂದ ನೋಡಬೇಕು. ಕಂಬಗಳ್ಳಿಗಳನ್ನು ಬಯಲಿನಲ್ಲಿ ಬೆಳೆಸುವ ಬಗ್ಗೆ ಓದಲು ಸಿಗುವ ಸಲಹೆಗಳಲ್ಲಿ ಬಹುಪಾಲು ಚಳಿಯ ದೇಶಗಳ ಹವ್ಯಾಸಿಗಳದು. ಅವರ ಚಿಂತೆಯೆಲ್ಲ ಹಿಮದ್ದು. ಉಷ್ಣಾಂಶ ಸೊನ್ನೆಗಿಂತ ಎಷ್ಟು ಡಿಗ್ರಿ ಕೆಳಗಿಳಿದರೆ ಯಾವ ಜಾತಿ ಉಳಿಯುತ್ತದೆ, ಯಾವುದು ಕಪ್ಪಾಗುತ್ತದೆ ಎಂಬುದನ್ನೇ ಅವರು ಪಟ್ಟಿ ಮಾಡುತ್ತಾರೆ. ಚಿಕ್ಕಬಳ್ಳಾಪುರ ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ, ಕೋಲಾರ ಮತ್ತು ತುಮಕೂರು 800 ಮೀಟರಿಗೂ ಮೇಲಿವೆ. ಜನವರಿಯ ನಸುಕಿನಲ್ಲಿ ಕೈಕಾಲು ಕೊರೆಯುವ ಚಳಿಯಾದರೂ ನೆಲದ ಮೇಲೆ ನೀರು ಹೆಪ್ಪುಗಟ್ಟುವುದಿಲ್ಲ. ಆದ್ದರಿಂದ ಆ ಪಟ್ಟಿಗಳನ್ನು ನಂಬಿದರೆ ಜಗತ್ತಿನ ಯಾವ ಕಂಬಗಳ್ಳಿಯಾದರೂ ಇಲ್ಲಿ ಸುಖವಾಗಿರಬೇಕಿತ್ತು. ವಾಸ್ತವದಲ್ಲಿ ಹೀಗಾಗುವುದಿಲ್ಲ, ಏಕೆಂದರೆ ನಮ್ಮ ಹವೆ ಕಳ್ಳಿಗೆ ಕಷ್ಟವಾಗುವುದು ಚಳಿಯಿಂದಲ್ಲ, ಬೆಚ್ಚಗಿರುವಾಗಲೇ ದಿನಗಟ್ಟಲೆ ಒದ್ದೆಯಾಗಿರುವ ಮಣ್ಣಿನಿಂದ.

ನಮ್ಮಲ್ಲಿ ವರ್ಷಕ್ಕೆ ಸರಾಸರಿ 700 ಮಿಲಿಮೀಟರಿನ ಆಸುಪಾಸು ಮಳೆ ಬೀಳುತ್ತದೆ. ರೈತರಿಗೆ ಇದು ಸಾಲದ ಮಳೆ, ಬರದ ಜಿಲ್ಲೆ ಎಂದು ಕರೆಸಿಕೊಳ್ಳುವ ಮಳೆ. ಆದರೆ ಅಮೆರಿಕದ ಅರಿಜೋನಾದಲ್ಲಿ, ಸಿನಿಮಾಗಳಲ್ಲಿ ನಾವೆಲ್ಲ ಕಂಡಿರುವ ಕೈಯೆತ್ತಿದ ಸಗ್ವಾರೋ ಕಳ್ಳಿಗಳು ಬೆಳೆಯುವ ಟೂಸಾನ್ ನಗರದ ಸುತ್ತ ಬೀಳುವುದು ಇದರ ಅರ್ಧಕ್ಕೂ ಕಡಿಮೆ, ಮತ್ತು ಅದೂ ಬೇಸಿಗೆಗೊಂದಿಷ್ಟು ಚಳಿಗಾಲಕ್ಕೊಂದಿಷ್ಟು ಎಂದು ಹಂಚಿಕೊಂಡು ಬೀಳುತ್ತದೆ. ಮಳೆ ನಿಂತ ಮರುದಿನ ಬಿಸಿಲು ಮಣ್ಣನ್ನು ಒಣಗಿಸಿಬಿಡುತ್ತದೆ. ಇಲ್ಲಿ ಜುಲೈ ತಿಂಗಳಿಂದಲೇ ಮೋಡ ಮುಚ್ಚಿಕೊಂಡು, ಮಳೆ ಹೆಚ್ಚು ಬೀಳದಿದ್ದರೂ ಬಿಸಿಲು ಕಾಣದ ವಾರಗಳು ಬರುತ್ತವೆ. ಆಮೇಲೆ ಸೆಪ್ಟೆಂಬರ್, ಅಕ್ಟೋಬರಿನಲ್ಲಿ ವರ್ಷದ ದೊಡ್ಡ ಮಳೆ ಸುರಿಯುತ್ತದೆ. ಅದು ಮುಗಿಯಿತು ಎನ್ನುವಷ್ಟರಲ್ಲಿ ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿದು ನವೆಂಬರಿನ ಜಡಿಮಳೆ ಹಿಡಿಯುತ್ತದೆ. ಕಳ್ಳಿಯ ಬೇರಿಗೆ ಗಾಳಿ ಬೇಕು. ನೀರು ತುಂಬಿದ ಮಣ್ಣಿನಲ್ಲಿ ಸಣ್ಣ ಬೇರುಗಳು ಮೊದಲು ಸಾಯುತ್ತವೆ, ಆ ಗಾಯದಿಂದ ಫೈಟಾಫ್ತೊರಾ, ಫ್ಯುಸೇರಿಯಂ ಮುಂತಾದ ರೋಗಾಣುಗಳು ಒಳಗೆ ಹೋಗುತ್ತವೆ, ಹೊರಗಿನ ಸಿಪ್ಪೆ ಹಸಿರಾಗಿಯೇ ಇರುವಾಗ ಒಳಗಿನ ತಿರುಳು ಕಂದುಬಣ್ಣಕ್ಕೆ ತಿರುಗಿರುತ್ತದೆ. ಬುಡ ಮೆತ್ತಗಾಗಿ ಕಂಬ ಒಂದು ಬದಿಗೆ ವಾಲಿದ ದಿನ ನಮಗೆ ರೋಗ ಕಾಣುತ್ತದೆ. ಅಷ್ಟು ಹೊತ್ತಿಗೆ ಔಷಧದಿಂದ ಪ್ರಯೋಜನವಿರುವುದಿಲ್ಲ.

ನಮ್ಮ ಹವೆಯಲ್ಲಿ ಒಂದು ಅನುಕೂಲವೂ ಇದೆ, ಅದನ್ನು ಯಾರೂ ಹೇಳುವುದಿಲ್ಲ. ಕಳ್ಳಿಗಳು ಹಗಲಿನಲ್ಲಿ ತಮ್ಮ ಪತ್ರರಂಧ್ರಗಳನ್ನು ಮುಚ್ಚಿಕೊಂಡು, ರಾತ್ರಿ ತೆರೆದು ಇಂಗಾಲದ ಡೈಆಕ್ಸೈಡನ್ನು ಒಳಗೆ ಎಳೆದುಕೊಳ್ಳುತ್ತವೆ. ರಾತ್ರಿ ತಂಪಾಗಿದ್ದಷ್ಟೂ ಅವಕ್ಕೆ ಒಳ್ಳೆಯದು. ಏಪ್ರಿಲಿನಲ್ಲಿ ಕೂಡ ನಮ್ಮಲ್ಲಿ ಸಂಜೆಯಾದ ಮೇಲೆ ಸೆಕೆ ಇಳಿಯುತ್ತದೆ. ಮಂಗಳೂರಿನ ಅಥವಾ ಚೆನ್ನೈನ ಕಳ್ಳಿಗೆ ಈ ಭಾಗ್ಯವಿಲ್ಲ. ಕರಾವಳಿಯಲ್ಲಿ ಸೊರಗುವ ಆಂಡೀಸ್ ಪರ್ವತದ ಕೆಲವು ಜಾತಿಗಳು ನಂದಿಬೆಟ್ಟದ ಬುಡದಲ್ಲಿ ತೋಳಿನ ಗಾತ್ರಕ್ಕೆ ಬೆಳೆದು ನಿಂತಿರುವುದಕ್ಕೆ ಕಾರಣ ಈ ರಾತ್ರಿಗಳೇ ಎಂದು ನಾನು ತಿಳಿದಿದ್ದೇನೆ.

ನರ್ಸರಿಯ ಯಜಮಾನರು ಮೊದಲು ದ್ರಾಕ್ಷಿ ಬೆಳೆಗಾರರು, ಬೆಂಗಳೂರು ನೀಲಿ ದ್ರಾಕ್ಷಿಯ ಚಪ್ಪರ ಹಾಕಿದ್ದವರು. ಚಪ್ಪರ ತೆಗೆದ ಮೇಲೂ ಅದರ ಕಲ್ಲುಕಂಬಗಳನ್ನು ಕೀಳದೆ ಬಿಟ್ಟಿದ್ದಾರೆ. ಎತ್ತರವಾದ ತಾಯಿಗಿಡಗಳನ್ನು ಆ ಕಂಬಗಳಿಗೆ ಹಳೆಯ ಸೈಕಲ್ ಟ್ಯೂಬಿನಿಂದ ಸಡಿಲವಾಗಿ ಕಟ್ಟಿದ್ದಾರೆ. ಪಾಲಿಹೌಸ್ ಇದೆ, ಆದರೆ ಅದು ಬೀಜದ ಸಸಿಗಳಿಗೂ ಹೊರಗಿನಿಂದ ಹೊಸದಾಗಿ ತಂದ ಗಿಡಗಳಿಗೂ ಮಾತ್ರ. ಉಳಿದದ್ದೆಲ್ಲ ಆಕಾಶದ ಕೆಳಗೆ, ಮೊಣಕಾಲೆತ್ತರದ ಏರುಮಡಿಗಳ ಮೇಲಿದೆ. ಗಿಡಗಳನ್ನು ತೋರಿಸುತ್ತಾ ಯಜಮಾನರು ಹೇಳಿದ ಒಂದು ಮಾತನ್ನು ಹಾಗೆಯೇ ಬರೆಯುತ್ತೇನೆ: “ಇಪ್ಪತ್ತೊಂದ್ರ ನವೆಂಬರ್ ಮಳೆ ನೋಡಿದ್ರಲ್ಲ ಸಾರ್, ಕೆರೆಗಳೆಲ್ಲ ಕೋಡಿ ಹೋಯ್ತಲ್ಲ, ಆ ಮಳೇಲಿ ನಿಂತ್ಕೊಂಡಿದ್ದ ಗಿಡಗಳು ಇವು. ಇವುಗಳ ತುಂಡನ್ನೇ ನಾವು ಕೊಡೋದು.” 2021ರ ಆ ನವೆಂಬರಿನಲ್ಲಿ ಕೋಲಾರ, ಚಿಕ್ಕಬಳ್ಳಾಪುರ ಜಿಲ್ಲೆಗಳಲ್ಲಿ ಟೊಮೆಟೊ, ರಾಗಿ ಹೊಲದಲ್ಲೇ ಕೊಳೆತದ್ದನ್ನು ಮರೆತವರಿಲ್ಲ. ಅದನ್ನು ತಡೆದುಕೊಂಡ ತಾಯಿಗಿಡದಿಂದ ಕತ್ತರಿಸಿದ ತುಂಡು ಗುಣದಲ್ಲಿ ಆ ತಾಯಿಯೇ ಆಗಿರುತ್ತದೆ. ಪಾಲಿಹೌಸಿನ ನೆರಳಿನಲ್ಲಿ, ಅಳೆದು ಹಾಕಿದ ನೀರಿನಲ್ಲಿ ಬೆಳೆದ ನೂರು ಚೆಂದದ ಗಿಡಗಳಿಗಿಂತ ಇಂಥ ಒಂದು ಗಿಡವನ್ನು ನಾನು ಆರಿಸಿಕೊಳ್ಳುತ್ತೇನೆ.

ಜಾತಿಗಳ ಬಗ್ಗೆ ಹೇಳುವುದಾದರೆ, ಇಲ್ಲಿ ಅತಿ ಹೆಚ್ಚು ಇರುವುದು ಸೀರಿಯಸ್ ಕುಲದ ಗಿಡಗಳು. ಹಳೆಯ ಬಂಗಲೆಗಳ ಕಾಂಪೌಂಡಿನಲ್ಲಿ, ಪೆಟ್ರೋಲ್ ಬಂಕುಗಳ ಪಕ್ಕದಲ್ಲಿ ಹತ್ತು ಹದಿನೈದು ಅಡಿ ಎತ್ತರಕ್ಕೆ ನಿಂತಿರುವ ಹಸಿರು ಕಂಬಗಳು ಹೆಚ್ಚಾಗಿ ಇವೇ. ದಕ್ಷಿಣ ಅಮೆರಿಕದ ಬ್ರೆಜಿಲ್, ಉರುಗ್ವೆ, ಅರ್ಜೆಂಟೀನಾ ಕಡೆಯ, ಮಳೆಯನ್ನು ಬಲ್ಲ ಗಿಡ. ನೆಲಕ್ಕೆ ಬೇರೂರಿದ ಮೇಲೆ ವರ್ಷಕ್ಕೆ ಒಂದು ಅಡಿಗೂ ಹೆಚ್ಚು ಏರುತ್ತದೆ, ನಮ್ಮ ಕೆಮ್ಮಣ್ಣಿಗೆ ಚೆನ್ನಾಗಿ ಹೊಂದಿಕೊಳ್ಳುತ್ತದೆ. ನಮ್ಮ ಮನೆಗಳಲ್ಲಿ ಬ್ರಹ್ಮಕಮಲವೆಂದು ಕರೆದು, ಅರಳುವ ರಾತ್ರಿ ಅಕ್ಕಪಕ್ಕದವರನ್ನೆಲ್ಲ ಕರೆದು ತೋರಿಸುವ ಗಿಡವೂ ಕಳ್ಳಿಯ ಕುಟುಂಬದ್ದೇ. ಸೀರಿಯಸ್ ಹೂವೂ ಅದೇ ರೀತಿ ರಾತ್ರಿ ಅರಳಿ ಬೆಳಗಿನ ಬಿಸಿಲಿಗೆ ಬಾಡುತ್ತದೆ. ಅದರ ಕೆಂಪು ಹಣ್ಣು ತಿನ್ನಲು ರುಚಿ, ಇಸ್ರೇಲಿನಲ್ಲಿ ಅದನ್ನು ತೋಟದ ಬೆಳೆಯಾಗಿಯೂ ಬೆಳೆದಿದ್ದಾರೆ. ಆದರೆ ಹಣ್ಣಿನ ಆಸೆಯಿಂದ ಕೊಳ್ಳುವವರು ಒಂದು ವಿಷಯ ತಿಳಿದಿರಬೇಕು: ಈ ಗಿಡ ತನ್ನದೇ ಪರಾಗದಿಂದ ಕಾಯಿ ಕಟ್ಟುವುದಿಲ್ಲ. ಒಂದೇ ತಾಯಿಯಿಂದ ತೆಗೆದ ಹತ್ತು ತುಂಡುಗಳನ್ನು ಸಾಲಾಗಿ ನೆಟ್ಟರೂ ಅವೆಲ್ಲ ಒಂದೇ ಗಿಡವಿದ್ದಂತೆ. ಬೇರೆ ಮೂಲದ ಎರಡನೆಯ ಗಿಡ ಹತ್ತಿರದಲ್ಲಿರಬೇಕು, ನಮ್ಮಲ್ಲಿ ರಾತ್ರಿ ಪತಂಗವನ್ನು ನಂಬದೆ ಮೃದುವಾದ ಕುಂಚದಿಂದ ಪರಾಗ ಮುಟ್ಟಿಸುವುದೇ ಮೇಲು. ನರ್ಸರಿಯಲ್ಲಿ ಎರಡು ಬೇರೆ ಮೂಲದ ತಾಯಿಗಿಡಗಳಿವೆ, ಆದರೆ ಕುಂಡಗಳ ಮೇಲೆ ಯಾವುದು ಯಾವುದರ ತುಂಡು ಎಂಬ ಗುರುತಿಲ್ಲ. ನೀವೇ ಕೇಳಿ ಎರಡನ್ನೂ ಪಡೆಯಬೇಕು.

ನನ್ನ ಮನಸ್ಸು ಸೆಳೆದದ್ದು ಪೈಲೊಸೀರಿಯಸ್. ಬಿಸಿಲಿನಲ್ಲಿ ನಿಂತ ಈ ಗಿಡದ ತಿಳಿನೀಲಿ ಬಣ್ಣ, ಅದರ ಮೇಲೆ ಹೊನ್ನಿನ ಬಣ್ಣದ ಮುಳ್ಳು, ಇವೆರಡನ್ನೂ ಚಿತ್ರದಲ್ಲಿ ನೋಡಿದವರು ಬಣ್ಣ ತಿದ್ದಿದ್ದಾರೆ ಎಂದುಕೊಳ್ಳುತ್ತಾರೆ. ಇದರ ತವರು ಈಶಾನ್ಯ ಬ್ರೆಜಿಲಿನ ಕಾಟಿಂಗಾ ಎಂಬ ಒಣ ಕುರುಚಲು ಕಾಡು. ಅಲ್ಲಿ ವರ್ಷಕ್ಕೆ ಬೀಳುವ ಮಳೆ ಹೆಚ್ಚುಕಡಿಮೆ ನಮ್ಮ ಪಾವಗಡ, ಬಾಗೇಪಲ್ಲಿ, ಚಿಂತಾಮಣಿಗಳಷ್ಟೇ. ಅದು ಬೀಳುವುದೂ ಬೆಚ್ಚಗಿನ ತಿಂಗಳುಗಳಲ್ಲೇ. ನಡುವೆ ಉದ್ದವಾದ ಒಣಗಾಲ. ನಮ್ಮ ಊರಿಗೂ ಈ ಗಿಡದ ಊರಿಗೂ ಇಷ್ಟು ಹೋಲಿಕೆ ಇರುವಾಗ, ಮೆಕ್ಸಿಕೋದ ಮರುಭೂಮಿಯ ಗಿಡಗಳ ಹಿಂದೆ ಬೀಳುವ ಮೊದಲು ಪ್ರತಿಯೊಬ್ಬ ಸಂಗ್ರಾಹಕನೂ ಬ್ರೆಜಿಲಿನ ಕಂಬಗಳ್ಳಿಗಳನ್ನು ನೆಟ್ಟು ನೋಡಬೇಕು ಎಂದು ನಾನು ಒತ್ತಿ ಹೇಳುತ್ತೇನೆ. ಅದರ ನೀಲಿ ಬಣ್ಣ ಸಿಪ್ಪೆಯ ಮೇಲಿನ ಮೇಣದ ಪದರದ್ದು. ಬೆರಳಿನಿಂದ ಉಜ್ಜಿದರೆ ಆ ಜಾಗದಲ್ಲಿ ಹಸಿರು ಕಾಣುತ್ತದೆ, ಹೋದ ಮೇಣ ಮತ್ತೆ ಬರುವುದಿಲ್ಲ. ಹಿಟ್ಟು ತಿಗಣೆ ಬಂದಾಗ ಬೇವಿನ ಎಣ್ಣೆಗೆ ಸಾಬೂನು ಕಲಸಿ ಇಡೀ ಗಿಡಕ್ಕೆ ಸಿಂಪಡಿಸುವ ನಮ್ಮ ರೂಢಿಯೂ ಇದೇ ಹಾನಿ ಮಾಡುತ್ತದೆ. ತಿಗಣೆ ಕುಳಿತ, ಮುಳ್ಳು ಹೊರಡುವ ಕಣ್ಣುಗಳಿಗೆ ಮಾತ್ರ ಸಣ್ಣ ಕುಂಚದಿಂದ ಹಚ್ಚಬೇಕು. ನರ್ಸರಿಯ ಯಜಮಾನಿ ಈ ಗಿಡಗಳನ್ನು ಬುಡದಲ್ಲಿ ಹಿಡಿದು ಎತ್ತುತ್ತಾರೆ, ಸುತ್ತುವುದಕ್ಕೆ ಹಳೆಯ ಹತ್ತಿಬಟ್ಟೆಯನ್ನು ಇಟ್ಟುಕೊಂಡಿದ್ದಾರೆ. ಗಿಡವನ್ನು ಬಲ್ಲವರ ಕೈ ಎಂಬುದು ಅಷ್ಟರಿಂದಲೇ ತಿಳಿಯುತ್ತದೆ.

ಮೆಕ್ಸಿಕೋದ ಮಿರ್ಟಿಲೋಕ್ಯಾಕ್ಟಸ್ ಇಲ್ಲಿ ಹೇರಳವಾಗಿದೆ, ಗಟ್ಟಿ ಗಿಡ, ಕವಲೊಡೆದು ದೀಪಸ್ತಂಭದಂತೆ ನಿಲ್ಲುತ್ತದೆ. ಇತರ ಕಳ್ಳಿಗಳನ್ನು ಕಸಿ ಕಟ್ಟಲು ಬುಡವಾಗಿಯೂ ಬಳಸುತ್ತಾರೆ. ಮೆಕ್ಸಿಕೋದ ಹಳ್ಳಿಗಳಲ್ಲಿ ಬೇಲಿಯಾಗಿ ನೆಡುವ ಪ್ಯಾಕಿಸೀರಿಯಸ್ ಮಾರ್ಜಿನೇಟಸ್ ಕೆಲವೇ ಇವೆ. ಆಂಡೀಸಿನ ಟ್ರೈಕೋಸೀರಿಯಸ್‌ಗಳು ಚೆನ್ನಾಗಿವೆ, ನೀರು ಗೊಬ್ಬರ ಎರಡನ್ನೂ ಬೇಡುವ ಗಿಡಗಳು. ಅರ್ಜೆಂಟೀನಾ, ಪರಾಗ್ವೆಗಳ ಚಾಕೋ ಬಯಲಿನ ಸ್ಟೆಟ್ಸೋನಿಯಾ ಬೆರಳುದ್ದದ ಮುಳ್ಳಿನದು, ಬೇಸಿಗೆಯಲ್ಲೇ ಮಳೆ ಕಾಣುವ ಸೀಮೆಯಿಂದ ಬಂದದ್ದು. ಮಕ್ಕಳು ಓಡಾಡದ ಮೂಲೆಯಿದ್ದರೆ ತಪ್ಪದೆ ಒಯ್ಯಿರಿ.

ಮೈತುಂಬ ಬಿಳಿ ಕೂದಲಿರುವ ಜಾತಿಗಳ ವಿಷಯದಲ್ಲಿ ಎಚ್ಚರ ಬೇಕು, ಮತ್ತು ಈ ವಿಷಯದಲ್ಲೇ ಈ ನರ್ಸರಿಯ ಪ್ರಾಮಾಣಿಕತೆ ನನಗೆ ಹೆಚ್ಚು ಇಷ್ಟವಾದದ್ದು. ಬೊಲಿವಿಯಾದ ಕ್ಲೈಸ್ಟೋಕ್ಯಾಕ್ಟಸ್ ಸ್ಟ್ರಾಸಿ, ಪೆರುವಿನ ಎಸ್ಪೊಸ್ಟೋವಾ, ಮೆಕ್ಸಿಕೋದ ಸೆಫಲೋಸೀರಿಯಸ್ ಸೆನಿಲಿಸ್, ಆಂಡೀಸಿನ ಎತ್ತರದ ಓರಿಯೋಸೀರಿಯಸ್, ಇವು ನಾಲ್ಕೂ ಕೊಳ್ಳುವವರ ಕಣ್ಣಿಗೆ ಒಂದೇ ಬಗೆಯವು, ಆದರೆ ನಮ್ಮ ಅಕ್ಟೋಬರನ್ನು ಎದುರಿಸುವುದರಲ್ಲಿ ನಾಲ್ಕೂ ಬೇರೆ ಬೇರೆ. ಕ್ಲೈಸ್ಟೋಕ್ಯಾಕ್ಟಸ್ ನೀರು ಬೇಗ ಬಸಿದುಹೋಗುವ ಏರುಮಡಿಯಲ್ಲಿ ಚೆನ್ನಾಗಿಯೇ ಉಳಿಯುತ್ತದೆ, ಒಣಗಿದ್ದರೆ ಸೊನ್ನೆಗಿಂತ ಕೆಳಗಿನ ಚಳಿಯನ್ನೂ ತಾಳುವ ಗಿಡವದು. ಎಸ್ಪೊಸ್ಟೋವಾ ಬದುಕುತ್ತದೆ, ಆದರೆ ಮಳೆಯಲ್ಲಿ ನೆನೆದ ಕೂದಲಿನ ಮೇಲೆ ಕಪ್ಪು ಬೂಷ್ಟು ಕೂತು, ಯಾವ ಅಂದಕ್ಕಾಗಿ ಕೊಂಡೆವೋ ಅದೇ ಹೋಗುತ್ತದೆ. ಸೆನಿಲಿಸ್ ನಿಧಾನವಾಗಿ ಬೆಳೆಯುವ, ಸುಣ್ಣಕಲ್ಲಿನ ಇಳಿಜಾರುಗಳ ಗಿಡ. ಮಳೆಗಾಲದಲ್ಲಿ ಮೇಲೊಂದು ಪಾರದರ್ಶಕ ತಗಡು ಇಲ್ಲದೆ ನೆಲಕ್ಕೆ ನೆಡಬಾರದು. ಓರಿಯೋಸೀರಿಯಸ್ 3,000 ಮೀಟರಿನ ಆಸುಪಾಸಿನ ತೆಳುಗಾಳಿಗೂ ಒಣಗಾಳಿಗೂ ಒಗ್ಗಿದ್ದು, ನಮ್ಮ ಬಯಲಿಗೆ ಹೇಳಿಸಿದ್ದಲ್ಲ. ಪಾಲಿಹೌಸಿನಲ್ಲಿದ್ದ ಒಂದು ಓರಿಯೋಸೀರಿಯಸನ್ನು ನಾನು ಕೇಳಿದಾಗ ಯಜಮಾನಿ, “ಬೇಡ ಸಾರ್, ಬಯಲಲ್ಲಿ ಇಡ್ತೀನಿ ಅಂತೀರ, ದುಡ್ಡು ದಂಡ. ಸೂರು ಇರೋರಿಗೆ ಕೊಡ್ತೀವಿ” ಎಂದು ಅದನ್ನು ಪಕ್ಕಕ್ಕಿಟ್ಟರು. ಗಿರಾಕಿಯ ಕೈಯಲ್ಲಿ ಹಣವಿರುವಾಗ ಹೀಗೆ ಹೇಳುವ ಅಂಗಡಿಗಳು ಎಷ್ಟಿವೆ?

ಸಗ್ವಾರೋ ಬಗ್ಗೆ ಪ್ರತಿಯೊಬ್ಬರೂ ಕೇಳುತ್ತಾರಂತೆ. ಬೀಜದಿಂದ ಹುಟ್ಟಿದ ಸಗ್ವಾರೋ ತನ್ನ ನೆಲದಲ್ಲಿಯೇ ಮೊದಲ ಎಂಟು ವರ್ಷದಲ್ಲಿ ಬೆಳೆಯುವುದು ಒಂದೂವರೆ ಇಂಚಿನಷ್ಟು, ಮೊದಲ ಕೈ ಮೂಡುವುದಕ್ಕೆ ಸಾಮಾನ್ಯವಾಗಿ 50ರಿಂದ 75 ವರ್ಷ ಹಿಡಿಯುತ್ತದೆ. ಸಗ್ವಾರೋ ಎಂದು ಎರಡಡಿಯ, ಕೈಮೂಡಿದ ಗಿಡವನ್ನು ಅಗ್ಗಕ್ಕೆ ಮಾರುವವರಿದ್ದರೆ ಅದು ಬೇರೆ ಯಾವುದೋ ಗಿಡ ಎಂದು ತಿಳಿಯಿರಿ. ಕೆಲವು ಕಡೆ ಆಫ್ರಿಕಾದ ಯುಫೋರ್ಬಿಯಾಗಳನ್ನೂ ಕ್ಯಾಕ್ಟಸ್ ಎಂದೇ ಮಾರುತ್ತಾರೆ. ನಮ್ಮ ಬೇಲಿಗಳ ಕೊಂಬುಗಳ್ಳಿ, ಚದುರಗಳ್ಳಿಗಳ ಬಳಗ ಅದು. ಉಗುರಿನಿಂದ ಗೀರಿದರೆ ಬಿಳಿ ಹಾಲು ಬರುತ್ತದೆ, ಕಣ್ಣಿಗೆ ಬಿದ್ದರೆ ಅಪಾಯ. ಕ್ಯಾಕ್ಟಸಿನಲ್ಲಾದರೆ ಮುಳ್ಳುಗಳು ಮೆತ್ತನೆಯ ಹತ್ತಿಯಂಥ ಕಣ್ಣುಗಳಿಂದ ಗೊಂಚಲಾಗಿ ಹೊರಡುತ್ತವೆ. ಈ ನರ್ಸರಿಯಲ್ಲಿ ಯುಫೋರ್ಬಿಯಾಗಳನ್ನು ಬೇರೆ ಮಡಿಯಲ್ಲಿಟ್ಟು ಹಾಗೆಂದೇ ಹೇಳಿ ಮಾರುತ್ತಾರೆ.

ನರ್ಸರಿಯ ಅತ್ಯಂತ ಬೆಲೆಬಾಳುವ ಸೇವೆ ಎಂದರೆ ಅವರ ಮಣ್ಣಿನ ಮಿಶ್ರಣ ಮತ್ತು ನೆಡುವ ಕ್ರಮದ ತಿಳಿವಳಿಕೆ. ಪೇಟೆಯ ನರ್ಸರಿಗಳಲ್ಲಿ ಕಳ್ಳಿ ಬರುವುದು ಬಹುತೇಕ ತೆಂಗಿನ ನಾರಿನ ಪುಡಿಯಲ್ಲಿ. ಸಾಗಿಸಲು ಅದು ಹಗುರ, ಆದರೆ ಒಮ್ಮೆ ನೆನೆದರೆ ನಮ್ಮ ಮೋಡದ ದಿನಗಳಲ್ಲಿ ವಾರ ಕಳೆದರೂ ಒಣಗುವುದಿಲ್ಲ, ಪೂರ್ತಿ ಒಣಗಿದರೆ ಮತ್ತೆ ನೀರು ಹೀರುವುದಿಲ್ಲ. ಇಲ್ಲಿ ಬಳಸುವುದು ಒಂದು ಪಾಲು ಕೆಮ್ಮಣ್ಣು, ಎರಡು ಪಾಲು ಬೇಬಿ ಜಲ್ಲಿ, ಒಂದು ಪಾಲು ಮಾಲೂರಿನ ಕಡೆಯ ಗೂಡುಗಳಿಂದ ತಂದ ಇಟ್ಟಿಗೆ ಚೂರು, ಅರ್ಧ ಪಾಲು ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ, ಒಂದು ಹಿಡಿ ಬೇವಿನ ಹಿಂಡಿ. ಕ್ವಾರಿಗಳು ಸುತ್ತಲೂ ಇರುವುದರಿಂದ ಜಲ್ಲಿಗೆ ಕೊರತೆಯಿಲ್ಲ. ಆದರೆ ಜಲ್ಲಿಯ ಜೊತೆ ಬರುವ ಕಲ್ಲಿನ ಹಿಟ್ಟನ್ನು ಜರಡಿ ಹಿಡಿದು ತೊಳೆದು ತೆಗೆಯದಿದ್ದರೆ ಅದು ಕುಂಡದ ತಳದಲ್ಲಿ ಸಿಮೆಂಟಿನಂತೆ ಕೂತು ನೀರಿನ ದಾರಿಯನ್ನು ಮುಚ್ಚುತ್ತದೆ. ಈ ಶ್ರಮವನ್ನು ಅವರು ಬಿಡದೆ ಮಾಡುತ್ತಾರೆ. ಕೆಮ್ಮಣ್ಣನ್ನು ಮಾತ್ರ ತರಕಾರಿ ಬೆಳೆದ ಹೊಲದಿಂದ ತರುವುದಿಲ್ಲ. ಟೊಮೆಟೊ ಬೆಳೆದ ನೆಲದಲ್ಲಿ ಬೇರುಗಂಟು ಜಂತುಹುಳು ಇರುವ ಸಂಭವ ಹೆಚ್ಚು, ಅದು ಕಳ್ಳಿಯ ಬೇರನ್ನೂ ಬಿಡುವುದಿಲ್ಲ. ಆದ್ದರಿಂದ ಬೀಳುಬಿದ್ದ ದಿಣ್ಣೆಯ ಮಣ್ಣನ್ನೇ ತರಿಸುತ್ತಾರೆ. ಈ ಮಿಶ್ರಣವನ್ನು ಚೀಲದಲ್ಲಿ ತುಂಬಿಯೂ ಮಾರುತ್ತಾರೆ, ಗಿಡ ಬೇಡದವರೂ ಇದಕ್ಕಾಗಿಯೇ ಬರಬಹುದು.

ನೆಲದಲ್ಲಿ ನೆಡುವವರಿಗೆ ಅವರು ಹೇಳುವ ಕ್ರಮ ಸರಳ. ಗುಂಡಿ ತೋಡಬೇಡಿ, ಗುಡ್ಡೆ ಹಾಕಿ. ಸುತ್ತಲಿನ ಗಟ್ಟಿ ಕೆಮ್ಮಣ್ಣಿನ ನಡುವೆ ಗುಂಡಿ ತೋಡಿ ಸಡಿಲವಾದ ಮಿಶ್ರಣ ತುಂಬಿದರೆ, ಮಳೆಯಲ್ಲಿ ಸುತ್ತಲಿನ ನೀರೆಲ್ಲ ಬಸಿದು ಆ ಗುಂಡಿಯಲ್ಲೇ ನಿಲ್ಲುತ್ತದೆ. ನೆಲದ ಮೇಲೆಯೇ ದೊಡ್ಡ ಕಲ್ಲುಗಳನ್ನಿಟ್ಟು, ಒಂದೂವರೆ ಅಡಿ ಎತ್ತರದ ದಿಬ್ಬ ಮಾಡಿ, ಬುಡದ ಸುತ್ತ ಎರಡು ಇಂಚು ಜಲ್ಲಿ ಹರಡಬೇಕು. ಗಿಡದ ಕತ್ತಿನವರೆಗೆ ಮಣ್ಣು ಏರಿಸಬಾರದು. ಡ್ರ್ಯಾಗನ್ ಫ್ರೂಟ್ ಬೆಳೆಯುವ ನಮ್ಮ ರೈತರಿಗೆ ಈ ಮಾತು ಹೊಸದಲ್ಲ. ಅದೂ ಕಳ್ಳಿಯ ಕುಟುಂಬದ ಬೆಳೆ, ನೀರು ನಿಂತ ಸಾಲಿನಲ್ಲಿ ಅದರ ಬುಡ ಕೊಳೆಯುವುದನ್ನು ಅವರು ನೋಡಿದ್ದಾರೆ.

ಇನ್ನೊಂದು ಸಣ್ಣ ಕ್ರಮವನ್ನು ನಾನು ಬೇರೆ ಯಾವ ನರ್ಸರಿಯಲ್ಲೂ ಕಂಡಿಲ್ಲ. ಪ್ರತಿ ಕುಂಡದ ಅಂಚಿಗೆ, ಗಿಡದ ಪಶ್ಚಿಮದ ಕಡೆಗೆ, ಬಿಳಿ ಬಣ್ಣದ ಒಂದು ಚುಕ್ಕಿ ಇಟ್ಟಿರುತ್ತಾರೆ. ನಮ್ಮ ಅಕ್ಷಾಂಶದಲ್ಲಿ ಏಪ್ರಿಲ್ ಕೊನೆಯಲ್ಲೂ ಆಗಸ್ಟ್ ನಡುವಿನಲ್ಲೂ ಸೂರ್ಯ ನೆತ್ತಿಯ ಮೇಲೆಯೇ ಹಾಯುತ್ತಾನೆ, ಕಂಬದ ಮೈಗೆ ಹೆಚ್ಚು ಸುಡುವುದು ಮಧ್ಯಾಹ್ನದ ನಂತರದ ಪಡುವಣ ಬಿಸಿಲು. ಆ ಬಿಸಿಲಿಗೆ ಒಗ್ಗಿದ ಮುಖವನ್ನು ಮನೆಯಲ್ಲೂ ಅದೇ ದಿಕ್ಕಿಗೆ ತಿರುಗಿಸಿ ನೆಟ್ಟರೆ ಗಿಡ ಸುಡುವುದಿಲ್ಲ. ದಿಕ್ಕು ತಪ್ಪಿಸಿ ನೆಟ್ಟರೆ, ಇಲ್ಲಿಯವರೆಗೆ ನೆರಳಿನಲ್ಲಿದ್ದ ಮೈ ಮಾರ್ಚ್ ತಿಂಗಳಲ್ಲಿ ಹಳದಿಗೆ ತಿರುಗಿ, ಒಣಗಿದ ಹುಣ್ಣಿನಂಥ ಕಲೆಯಾಗಿ ಉಳಿಯುತ್ತದೆ, ಗಿಡ ಇರುವವರೆಗೂ ಆ ಕಲೆ ಹೋಗುವುದಿಲ್ಲ.

ತುಂಡುಗಳನ್ನು ಕತ್ತರಿಸುವುದು ಇಲ್ಲಿ ಜನವರಿಯಿಂದ ಮಾರ್ಚ್‌ವರೆಗೆ ಮಾತ್ರ. ಕತ್ತರಿಸಿದ ಬಾಯಿಗೆ ಗಂಧಕದ ಪುಡಿ ಹಚ್ಚಿ, ನೆರಳಿನಲ್ಲಿ ನೆಟ್ಟಗೆ ನಿಲ್ಲಿಸಿ ಎರಡು ಮೂರು ವಾರ ಒಣಗಿಸುತ್ತಾರೆ. ತೋಳಿನಷ್ಟು ದಪ್ಪದ ತುಂಡಾದರೆ ಇನ್ನೂ ಹೆಚ್ಚು. ಗಾಯ ಚಕ್ಕಳದಂತೆ ಗಟ್ಟಿಯಾದ ಮೇಲೆ ಒಣ ಮಿಶ್ರಣದಲ್ಲಿ ಊರಿ, ಬೇರು ಬರುವವರೆಗೆ ನೀರು ಮುಟ್ಟಿಸುವುದಿಲ್ಲ. ಮಳೆಗಾಲದಲ್ಲಿ ಯಾರಾದರೂ ತುಂಡು ಕೇಳಿದರೆ ಸಂಕ್ರಾಂತಿ ಕಳೆದ ಮೇಲೆ ಬನ್ನಿ ಎಂದು ಕಳುಹಿಸುತ್ತಾರೆ. ದೂರದಿಂದ ಬಂದವರಿಗೆ ಇದು ಬೇಸರ ತರಿಸಬಹುದು, ಆದರೆ ಅವರು ಮಾಡುತ್ತಿರುವುದು ಸರಿ. ಸೆಪ್ಟೆಂಬರಿನ ತೇವದಲ್ಲಿ ಕತ್ತರಿಸಿದ ಹಸಿ ಗಾಯ ಒಣಗುವ ಮೊದಲೇ ಕೊಳೆಯಲು ಶುರುವಾಗುತ್ತದೆ. ಕೊರಿಯರ್‌ನಲ್ಲಿ ತುಂಡು ಕಳುಹಿಸುವ ಬೇರೊಬ್ಬ ಮಾರಾಟಗಾರರಿಂದ ನಾನು ಅದೇ ಕಾಲದಲ್ಲಿ ತರಿಸಿದ ತುಂಡುಗಳು ಪ್ಲಾಸ್ಟಿಕ್ಕಿನಲ್ಲಿ ಬೆವೆತು, ಬಿಚ್ಚುವಷ್ಟರಲ್ಲೇ ಬುಡ ಮೆತ್ತಗಾಗಿ ವಾಸನೆ ಬರುತ್ತಿದ್ದವು.

ನೀರಿನ ವಿಷಯದಲ್ಲೂ ಅವರು ಜಾಣರು. ನಮ್ಮ ಕೊಳವೆಬಾವಿಯ ನೀರು ಗಡಸು. ವರ್ಷಗಟ್ಟಲೆ ಅದನ್ನೇ ಹಾಯಿಸಿದ ಕುಂಡದಲ್ಲಿ ಸುಣ್ಣ ಕಟ್ಟಿ ಗಿಡದ ಬೆಳವಣಿಗೆ ನಿಲ್ಲುತ್ತದೆ, ಮೈಮೇಲೆ ಬಿಳಿ ಕಲೆಗಳಾಗುತ್ತವೆ. ಪಾಲಿಹೌಸಿನ ಸೂರಿನ ಮಳೆನೀರನ್ನು ತೊಟ್ಟಿಗೆ ಹಿಡಿದು ಬೇಸಿಗೆಯಲ್ಲಿ ಕುಂಡಗಳಿಗೆ ಅದನ್ನೇ ಕೊಡುತ್ತಾರೆ. ಜೂನ್ ಕೊನೆಯ ಹೊತ್ತಿಗೆ, ದ್ರಾಕ್ಷಿಗೆ ಹೊಡೆಯುತ್ತಿದ್ದ ತಾಮ್ರದ ಆಕ್ಸಿಕ್ಲೋರೈಡನ್ನೇ ಮಳೆಗೆ ಮುಂಚಿತವಾಗಿ ಬುಡಗಳಿಗೆ ಸುರಿಯುವ ರೂಢಿಯೂ ಇದೆ.

ಇನ್ನು ಕೊರತೆಗಳು. ಹೆಸರಿನ ಚೀಟಿಗಳು ಇಲ್ಲಿನ ದೊಡ್ಡ ಲೋಪ. ಹಸಿರು ಕಂಬವೆಲ್ಲ ‘ಪೆರುವಿಯಾನಸ್’, ನೀಲಿ ಕಂಬವೆಲ್ಲ ‘ಅಜುರಿಯಸ್’ ಎಂದಾಗಿದೆ. ಮನೆಮುಂದೆ ಒಂದು ಗಿಡ ಬೇಕೆನ್ನುವವರಿಗೆ ಇದರಿಂದ ತೊಂದರೆಯಿಲ್ಲ, ಆದರೆ ಸಂಗ್ರಹ ಮಾಡುವವರಿಗೆ ಮೂಲ ಗೊತ್ತಿಲ್ಲದ ಗಿಡ ಅರ್ಧ ಗಿಡ ಮಾತ್ರ. ಯಾವ ತಾಯಿಯಿಂದ, ಯಾವ ವರ್ಷ ತೆಗೆದ ತುಂಡು, ಎಷ್ಟು ಮಳೆಗಾಲ ಕಂಡಿದೆ ಎಂಬುದನ್ನು ಬರೆದಿಡುವುದಕ್ಕೆ ಒಂದು ತಗಡಿನ ಚೂರು ಸಾಕು. ಅವರ ವ್ಯಾಪಾರದ ನಿಜವಾದ ಬಲವೇ ಆ ಮಾಹಿತಿ, ಅದನ್ನು ಬಾಯಿಮಾತಿಗೆ ಬಿಟ್ಟಿರುವುದು ನನಗೆ ಸಂಕಟ ತರುತ್ತದೆ. ಎರಡನೆಯದು, ಹೊರಗಿನಿಂದ ತಂದು ಪಾಲಿಹೌಸಿನಲ್ಲಿಟ್ಟ ಗಿಡಗಳು ಕೆಲವೊಮ್ಮೆ ಬಯಲಿನ ಗಿಡಗಳ ಪಕ್ಕದಲ್ಲೇ ಮಾರಾಟಕ್ಕೆ ಬರುತ್ತವೆ. ಕೇಳಿದರೆ ನಿಜ ಹೇಳುತ್ತಾರೆ, ಆದರೆ ಎಲ್ಲರೂ ಕೇಳುವುದಿಲ್ಲ. ಬುಡದ ಮಿಶ್ರಣವನ್ನು ಬೆರಳಿನಿಂದ ಕೆದಕಿ ನೋಡಿ: ನಾರಿನ ಪುಡಿ ಕಂಡರೆ ಹೊರಗಿನ ಗಿಡ, ಜಲ್ಲಿ ಕಂಡರೆ ಇಲ್ಲಿಯದು. ನೆರಳಿನಲ್ಲಿ ಬೆಳೆದ ಗಿಡದ ತುದಿ ಸಣ್ಣಗಾಗಿ ಬಡಕಲಾಗಿರುತ್ತದೆ. ಅದು ಮುಂದೆ ದಪ್ಪವಾಗಿ ಬೆಳೆದರೂ ಆ ಸಣ್ಣ ಸೊಂಟ ಹಾಗೆಯೇ ಉಳಿದು, ಎತ್ತರವಾದಾಗ ಗಾಳಿಗೆ ಅಲ್ಲೇ ಮುರಿಯುತ್ತದೆ. ಅಂಥವನ್ನು ಬಿಡಿ.

ಮೂರನೆಯದು, ವಿದೇಶಿ ಮೂಲದ ಅಪರೂಪದ ಗಿಡಗಳಿಗೆ ಕಾಗದಪತ್ರ. ಕ್ಯಾಕ್ಟಸ್ ಕುಟುಂಬದ ಬಹುತೇಕ ಜಾತಿಗಳು ಅಪಾಯದಲ್ಲಿರುವ ಗಿಡ, ಪ್ರಾಣಿಗಳ ವ್ಯಾಪಾರವನ್ನು ನಿಯಂತ್ರಿಸುವ ಸೈಟಿಸ್ ಎಂಬ ಅಂತರರಾಷ್ಟ್ರೀಯ ಒಪ್ಪಂದದ ಎರಡನೆಯ ಅನುಬಂಧದಲ್ಲಿವೆ, ಕೆಲವು ಇನ್ನೂ ಬಿಗಿಯಾದ ಮೊದಲನೆಯದರಲ್ಲಿವೆ; ಕಾಡಿನಿಂದ ಕಿತ್ತ ಗಿಡಗಳ ಕಳ್ಳಸಾಗಣೆ ಮೆಕ್ಸಿಕೋ, ಚಿಲಿಗಳಲ್ಲಿ ದೊಡ್ಡ ಪಿಡುಗು. ಇಲ್ಲಿ ಮಾರುವ ಕಂಬಗಳ್ಳಿಗಳಲ್ಲಿ ಹೆಚ್ಚಿನವು ಇಲ್ಲೇ ತುಂಡಿನಿಂದ ಬೆಳೆದವು, ಆ ಆತಂಕವಿಲ್ಲ. ಪಾಲಿಹೌಸಿನಲ್ಲಿರುವ ಕೆಲವು ಗುಂಡು ಕಳ್ಳಿಗಳ ಬಗ್ಗೆ ಮಾತ್ರ ಎಲ್ಲಿಂದ ಬಂದವು ಎಂದು ಕೇಳಿ ಕೊಳ್ಳುವುದು ಕೊಳ್ಳುವವರ ಹೊಣೆ.

ಬೆಲೆಯ ವಿಷಯಕ್ಕೆ ಬಂದರೆ, ಒಂದಡಿಯ ಸೀರಿಯಸ್‌ಗೆ ₹200, ಅದೇ ಎತ್ತರದ ಮಿರ್ಟಿಲೋಕ್ಯಾಕ್ಟಸ್‌ಗೆ ₹350, ಪೈಲೊಸೀರಿಯಸ್‌ಗೆ ₹700ರಿಂದ ಮೇಲೆ. ಪೇಟೆಯ ನರ್ಸರಿಗಳಿಗಿಂತ ಇದು ಹೆಚ್ಚೇ. ಮೂರಡಿಗಿಂತ ಎತ್ತರದ ಗಿಡಗಳಿಗೆ ಬೆಲೆ ಒಮ್ಮೆಲೆ ಏರುತ್ತದೆ, ಆ ಏರಿಕೆ ನನಗೆ ಸಮರ್ಥನೀಯವೆನಿಸಲಿಲ್ಲ. ಒಂದಡಿಯ ಗಿಡ ಕೊಂಡು ನೆಲದಲ್ಲಿ ನೆಟ್ಟರೆ ಕೆಲವೇ ವರ್ಷಗಳಲ್ಲಿ ಅದು ಕೊಂಡುತಂದ ದೊಡ್ಡ ಗಿಡವನ್ನು ಮೀರಿಸುತ್ತದೆ, ಏಕೆಂದರೆ ಸಣ್ಣ ಗಿಡದ ಬೇರು ನಿಮ್ಮ ಮಣ್ಣಿನಲ್ಲೇ ಹುಟ್ಟಿ ಬೆಳೆದಿರುತ್ತದೆ. ಚೌಕಾಸಿಗೆ ಅವರು ಒಪ್ಪುವುದಿಲ್ಲ. ನಗದು, ಯುಪಿಐ ಎರಡೂ ನಡೆಯುತ್ತದೆ. ಕೊರಿಯರ್ ಇಲ್ಲ. ಹೆಚ್ಚು ಗಿಡ ಕೊಂಡರೆ ಕೋಲಾರ, ತುಮಕೂರುಗಳವರೆಗೆ ತಮ್ಮ ಗಾಡಿಯಲ್ಲಿ ಕಳುಹಿಸುತ್ತಾರೆ, ಬಾಡಿಗೆ ನಮ್ಮದು. ಸ್ವಂತ ಕಾರಿನಲ್ಲಿ ಒಯ್ಯುವವರು ಹಳೆಯ ಕಂಬಳಿ ಅಥವಾ ಗೋಣಿಚೀಲ ಕೊಂಡೊಯ್ಯಿರಿ. ಗಿಡವನ್ನು ಮಲಗಿಸಿ, ಚುಕ್ಕಿ ಇಟ್ಟ ಬದಿ ಯಾವುದೆಂದು ಗುರುತಿಟ್ಟುಕೊಂಡು ಸಾಗಿಸಬೇಕು.

ಹೋಗುವುದಕ್ಕೆ ಒಳ್ಳೆಯ ಕಾಲ ಜನವರಿ ಕೊನೆಯಿಂದ ಮಾರ್ಚ್ ಮೊದಲ ವಾರದವರೆಗೆ. ಆಗ ತಂದು ನೆಟ್ಟ ಗಿಡಕ್ಕೆ ಮಳೆಗಾಲ ಬರುವ ಮೊದಲು ಬೇರೂರಲು ಮೂರು ನಾಲ್ಕು ತಿಂಗಳ ಒಣ, ಬೆಚ್ಚನೆಯ ಕಾಲ ಸಿಗುತ್ತದೆ. ಮೊದಲ ಹದಿನೈದು ದಿನ ಮಧ್ಯಾಹ್ನದ ಬಿಸಿಲಿಗೆ ತೆಳುವಾದ ನೆರಳುಬಲೆ ಕಟ್ಟಿ, ಏಪ್ರಿಲಿನಲ್ಲಿ ಮಣ್ಣು ಪೂರ್ತಿ ಒಣಗಿದ ಮೇಲೆ ವಾರಕ್ಕೊಮ್ಮೆ ಚೆನ್ನಾಗಿ ನೀರು ಕೊಟ್ಟು, ಜೂನ್ ಬಂದೊಡನೆ ಕೈ ನೀರನ್ನು ಪೂರ್ತಿ ನಿಲ್ಲಿಸಬೇಕು. ನರ್ಸರಿ ಮಂಗಳವಾರ ಮುಚ್ಚಿರುತ್ತದೆ; ಭಾನುವಾರ ನಂದಿಬೆಟ್ಟಕ್ಕೆ ಹೋಗುವ ವಾಹನಗಳ ಸಾಲಿನಲ್ಲಿ ಸಿಕ್ಕಿಕೊಳ್ಳುವ ಬದಲು ವಾರದ ನಡುವೆ ಬೆಳಿಗ್ಗೆ ಹೋದರೆ ಯಜಮಾನರೂ ಯಜಮಾನಿಯೂ ಇಬ್ಬರೂ ಬಿಡುವಾಗಿರುತ್ತಾರೆ, ತಾಯಿಗಿಡಗಳನ್ನು ಒಂದೊಂದಾಗಿ ತೋರಿಸಿ ಅವುಗಳ ಕಥೆ ಹೇಳುತ್ತಾರೆ. ಆಗ ನೋಟ್‌ಬುಕ್ಕಿನಲ್ಲಿ ನೀವೇ ಬರೆದುಕೊಳ್ಳಿ, ಚೀಟಿಯಲ್ಲಿ ಇರಬೇಕಾಗಿದ್ದ ಮಾಹಿತಿಯೆಲ್ಲ ಅಲ್ಲೇ ಸಿಗುತ್ತದೆ.